ಅಪ್ಪ ಅಮ್ಮ ಓದಿದ ಸ್ಟೇಟ್ ಯೂನಿವರ್ಸಿಟಿಯಲ್ಲಿ ಮಕ್ಕಳಿಗೆ ಸೀಟು ಸುಲಭವಾ? ನೀವೇ ನೋಡಿಕೊಳ್ಳಿ

ಎಂ.ಎಸ್. ಮಾಡಲು ಅಮೆರಿಕಕ್ಕೆ ಬಂದು ಇಲ್ಲೇ ಉಳಿದ ನಮ್ಮವರ ಮಕ್ಕಳು ಈಗ ಕಾಲೇಜಿಗೆ ಅರ್ಜಿ ಹಾಕುವ ವಯಸ್ಸಿಗೆ ಬಂದಿದ್ದಾರೆ. ನನ್ನ ಮಗಳ ಅರ್ಜಿ ಕೆಲಸವೆಲ್ಲ ಮುಗಿದ ಮೇಲೆ, ಆಗಸ್ಟ್ ಬಂತೆಂದರೆ ಪರಿಚಯದವರು ನನಗೆ ಫೋನ್ ಮಾಡುತ್ತಾರೆ. ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ನಾನು ಅಲ್ಲೇ ಓದಿದ್ದು ಅಲ್ವಾ, ಮಗನಿಗೆ ಸೀಟು ಸ್ವಲ್ಪ ಸುಲಭ ಆಗುತ್ತಾ?"

ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಕೊಡುವ ಈ ಆದ್ಯತೆಗೆ ಇಲ್ಲಿ ಲೆಗಸಿ ಅನ್ನುತ್ತಾರೆ. ಸರ್ಕಾರಿ, ಅಂದರೆ ಸ್ಟೇಟ್ ಯೂನಿವರ್ಸಿಟಿಗಳಲ್ಲಿ ಬಹಳ ಕಡೆ ಅದು ಲೆಕ್ಕಕ್ಕೇ ಬರುವುದಿಲ್ಲ. ಕೆಲವು ಕಡೆ ಒಂಚೂರು ಬರುತ್ತದೆ. ಖಾಸಗಿ ಕಾಲೇಜುಗಳ ಕಥೆಯೇ ಬೇರೆ, ಅದನ್ನು ಇದರ ಜೊತೆ ಸೇರಿಸಬೇಡಿ. ನಿಮ್ಮ ಯೂನಿವರ್ಸಿಟಿ ಯಾವ ಗುಂಪಿನದು ಅಂತ ಅರ್ಧ ಗಂಟೆಯಲ್ಲಿ ಗೊತ್ತು ಮಾಡಿಕೊಳ್ಳಬಹುದು.

ಮೊದಲು ರಾಜ್ಯದ ಕಾನೂನು ನೋಡಿ. ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಲೆಗಸಿ ನೋಡಬಾರದು ಅಂತ ಮೊದಲು ಕಾನೂನು ಮಾಡಿದ್ದು ಕೊಲೊರಾಡೊ, 2021ರಲ್ಲಿ. ನಾನಿರುವ ವರ್ಜೀನಿಯಾದಲ್ಲಿ 2024ರ ಮಾರ್ಚ್‌ನಲ್ಲಿ ಗವರ್ನರ್ ಸಹಿ ಹಾಕಿದರು, ಜುಲೈ 1ರಿಂದ ಜಾರಿಗೆ ಬಂತು. ಹಳೆಯ ವಿದ್ಯಾರ್ಥಿಯ ಮಗು ಅನ್ನುವುದಷ್ಟೇ ಅಲ್ಲ, ದೇಣಿಗೆ ಕೊಟ್ಟವರ ನೆಂಟಸ್ತನವನ್ನೂ ಇಲ್ಲಿ ನೋಡುವಂತಿಲ್ಲ. ಅದೇ ವರ್ಷ ಮೇರಿಲ್ಯಾಂಡ್, ಇಲಿನಾಯ್ ಕೂಡ ಕಾನೂನು ಮಾಡಿದವು. ಕಾನೂನು ಬರಲಿ ಅಂತ ಕಾಯುತ್ತ ಕೂರದೆ ತಾವೇ ಬಿಟ್ಟವರೂ ಇದ್ದಾರೆ. ಟೆಕ್ಸಾಸ್ ಎ ಆಂಡ್ ಎಂ 2004ರಲ್ಲೇ ಬಿಟ್ಟಿತು. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಬರ್ಕ್ಲಿ, ಯುಸಿಎಲ್‌ಎ ಮುಂತಾದ ಯಾವ ಕ್ಯಾಂಪಸ್‌ನಲ್ಲೂ ಲೆಗಸಿಗೆ ಬೆಲೆಯಿಲ್ಲ.

ನಿಮ್ಮ ರಾಜ್ಯದಲ್ಲಿ ಕಾನೂನು ಇಲ್ಲವೇ? ಹಾಗಾದರೆ ಯೂನಿವರ್ಸಿಟಿಯ ಹೆಸರಿನ ಜೊತೆ "ಕಾಮನ್ ಡೇಟಾ ಸೆಟ್" ಅಂತ ಹುಡುಕಿ. ಇದು ಪ್ರವೇಶ ಮುಂತಾದ ವಿಷಯಗಳ ಮಾಹಿತಿ ಕೊಡುವ ಒಂದೇ ಮಾದರಿಯ ಫಾರಂ; ಬಹುತೇಕ ಯೂನಿವರ್ಸಿಟಿಗಳು ಪ್ರತಿ ವರ್ಷ ಇದನ್ನು ತುಂಬಿ ತಮ್ಮ ವೆಬ್‌ಸೈಟಿನಲ್ಲಿ ಹಾಕುತ್ತವೆ. ಉದ್ದದ ಪಿಡಿಎಫ್, ನೋಡಿ ಹೆದರಬೇಡಿ. ನಿಮಗೆ ಬೇಕಾಗಿದ್ದು ಸಿ7 ಅನ್ನುವ ಒಂದೇ ಪಟ್ಟಿ. ಅದರಲ್ಲಿ ಎಡಗಡೆ ಸಾಲಾಗಿ ಬರೆದಿರುತ್ತದೆ: ಓದಿದ ವಿಷಯಗಳು ಎಷ್ಟು ಕಠಿಣ, ಜಿಪಿಎ (ಹೈಸ್ಕೂಲಿನ ಗ್ರೇಡ್‌ಗಳ ಸರಾಸರಿ), ಪರೀಕ್ಷೆಯ ಅಂಕ, ಪ್ರಬಂಧ, ಶಿಫಾರಸು ಪತ್ರ, ಹೀಗೆ. ಬಲಗಡೆ ನಾಲ್ಕು ಕಾಲಂ: ಬಹಳ ಮುಖ್ಯ, ಮುಖ್ಯ, ಪರಿಗಣಿಸುತ್ತೇವೆ, ಪರಿಗಣಿಸುವುದಿಲ್ಲ. ಪ್ರತಿ ಸಾಲಿನಲ್ಲೂ ಒಂದು ಗುರುತು. "ಅಲುಮ್ನೈ ರಿಲೇಷನ್" (ಹಳೆಯ ವಿದ್ಯಾರ್ಥಿಗಳ ನಂಟು) ಅನ್ನುವ ಸಾಲಿನ ಮುಂದೆ ಗುರುತು ಎಲ್ಲಿದೆ ನೋಡಿ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಮೇಲೆ ಇರುವ ವರ್ಷವನ್ನು ಮರೆಯದೆ ಓದಿ. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರವೇಶದಲ್ಲಿ ಜನಾಂಗ ನೋಡುವುದನ್ನು ನಿಲ್ಲಿಸಿದ ಮೇಲೆ ಎಷ್ಟೋ ಕಡೆ ಲೆಗಸಿಯ ಮೇಲೂ ಪ್ರಶ್ನೆ ಎದ್ದಿತು. ಹಳೆಯ ಪಿಡಿಎಫ್ ನಂಬಿದರೆ ತಪ್ಪು ಉತ್ತರ ಸಿಗಬಹುದು. ಅದೇ ಪಟ್ಟಿಯಲ್ಲಿ ಇನ್ನೆರಡು ಸಾಲು ನೋಡಿ: ರಾಜ್ಯದ ನಿವಾಸಿಯಾ, ಮನೆಯಲ್ಲಿ ಮೊದಲ ಬಾರಿ ಕಾಲೇಜಿಗೆ ಹೋಗುವವರಾ. ಸರ್ಕಾರಿ ಯೂನಿವರ್ಸಿಟಿ ನಡೆಯುವುದು ಆ ರಾಜ್ಯದವರ ತೆರಿಗೆಯ ದುಡ್ಡಿನಲ್ಲೂ. ಹಾಗಾಗಿ ನಿಮ್ಮ ಡಿಗ್ರಿಗಿಂತ ನಿಮ್ಮ ಮನೆ ವಿಳಾಸಕ್ಕೇ ಅಲ್ಲಿ ಬೆಲೆ ಜಾಸ್ತಿ.

"ಪರಿಗಣಿಸುತ್ತೇವೆ" ಅಂತ ಇದ್ದರೆ ಎಷ್ಟರ ಮಟ್ಟಿಗೆ? ಈಗ ಯಾರೂ ಅಂಕ ಬಿಡಿಸಿ ಹೇಳುವುದಿಲ್ಲ. ಆದರೆ ಒಂದು ಹಳೆಯ ಲೆಕ್ಕ ಕೋರ್ಟಿನ ದಾಖಲೆಯಲ್ಲಿ ಉಳಿದಿದೆ. ಮಿಷಿಗನ್ ಯೂನಿವರ್ಸಿಟಿ ಒಂದು ಕಾಲದಲ್ಲಿ 150 ಅಂಕಗಳ ಪಟ್ಟಿ ಇಟ್ಟುಕೊಂಡಿತ್ತು. 100 ಬಂದರೆ ಸೀಟು. ಜಿಪಿಎ ಪೂರ್ತಿ ಇದ್ದರೆ ಅದಕ್ಕೇ 80. ಪರೀಕ್ಷೆಗೆ ಹೆಚ್ಚೆಂದರೆ 12. ಮಿಷಿಗನ್ ನಿವಾಸಿಗೆ 10. ಅಪ್ಪ ಅಥವಾ ಅಮ್ಮ ಅಲ್ಲಿ ಓದಿದ್ದರೆ 4. ಅಜ್ಜ, ಅಜ್ಜಿ, ಅಣ್ಣ, ಅಕ್ಕ ಓದಿದ್ದರೆ ಬರೀ 1. ಜನಾಂಗಕ್ಕೆ ಅಂಕ ಕೊಡುತ್ತಿದ್ದ ಕಾರಣಕ್ಕೆ 2003ರಲ್ಲಿ ಸುಪ್ರೀಂ ಕೋರ್ಟ್ ಆ ಪದ್ಧತಿಯನ್ನೇ ತಳ್ಳಿಹಾಕಿತು. ಆ ಯೂನಿವರ್ಸಿಟಿ ಇರುವ ಆ್ಯನ್ ಆರ್ಬರ್‌ನಲ್ಲಿ ಓದಿದ ನನ್ನ ಗೆಳತಿಗೆ ಈ ಲೆಕ್ಕ ಹೇಳಿದಾಗ ಅವಳು ಮಗನ ಕ್ಯಾಲ್ಕುಲಸ್ ಮಾರ್ಕ್ಸ್ ಕಡೆ ಗಮನ ತಿರುಗಿಸಿದಳು. ಸರಿಯಾದ ಕೆಲಸ ಅಂತ ನನಗನ್ನಿಸಿತು.

ಇನ್ನೊಂದು ಸಂಗತಿ ನಮ್ಮವರಿಗೆ ಬಹಳ ಮುಖ್ಯ. ನಾವು ಓದಿದ್ದು ಮಾಸ್ಟರ್ಸ್. ಲೆಗಸಿ ನೋಡುವ ಕಡೆಯೂ ಅದನ್ನು ಎಣಿಸುತ್ತಾರೋ ಇಲ್ಲವೋ ಒಂದೊಂದು ಕಡೆ ಒಂದೊಂದು ನಿಯಮ. ಪ್ರವೇಶ ಕಚೇರಿಗೆ ಎರಡು ಸಾಲಿನ ಈಮೇಲ್ ಬರೆದು ಕೇಳಿ: "ಮೊದಲ ವರ್ಷದ ಪ್ರವೇಶದಲ್ಲಿ ಪೋಷಕರ ಡಿಗ್ರಿಯನ್ನು ನೋಡುತ್ತೀರಾ? ನೋಡಿದರೆ ಮಾಸ್ಟರ್ಸ್ ಲೆಕ್ಕಕ್ಕೆ ಬರುತ್ತದೆಯೇ?" ಕೇಳಿದರೆ ಮಗುವಿಗೆ ತೊಂದರೆ ಆಗುತ್ತದೆ ಅನ್ನುವ ಭಯ ಬೇಡ.

ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ಅಪ್ಪ ಅಮ್ಮ ಎಲ್ಲಿ ಓದಿದರು ಅಂತ ಕೇಳುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ತುಂಬಿ, ಮುಂದೆ ಹೋಗಿ. ವರ್ಜೀನಿಯಾ ಯೂನಿವರ್ಸಿಟಿ 2023ರಲ್ಲಿ ಲೆಗಸಿಯ ಟಿಕ್ ಗುರುತನ್ನು ತೆಗೆದು, ತಮಗೂ ಯೂನಿವರ್ಸಿಟಿಗೂ ಇರುವ ನಂಟಿನ ಬಗ್ಗೆ ಬೇಕಾದವರು ಬರೆಯಲಿ ಅಂತ ಒಂದು ಪ್ರಬಂಧ ಇಟ್ಟಿತು. ಇಂಥ ಪ್ರಶ್ನೆ ಎಲ್ಲೇ ಬಂದರೂ "ನಮ್ಮಮ್ಮ ಇಲ್ಲಿ ಓದಿದರು" ಅಂತ ಬರೆದರೆ ಸಾಲದು. ಅಮ್ಮನ ಹಳೆಯ ಪ್ರೊಫೆಸರ್ ಮನೆಗೆ ಬಂದಾಗ ನಡೆದ ಮಾತಿನಿಂದ ಮಗಳಿಗೆ ನೀರಿನ ಎಂಜಿನಿಯರಿಂಗ್ ಹುಚ್ಚು ಹತ್ತಿದ್ದರೆ ಅದನ್ನು ಬರೆಯಲಿ. ಮಾತು ಮಗುವಿನದಾಗಿರಬೇಕು.

ದಯವಿಟ್ಟು ದೇಣಿಗೆ, ಪ್ರಭಾವದ ದಾರಿ ಹಿಡಿಯಬೇಡಿ. 2020ರಲ್ಲಿ ಕ್ಯಾಲಿಫೋರ್ನಿಯಾದ ಸರ್ಕಾರಿ ಆಡಿಟರ್ ವರದಿ ಕೊಟ್ಟರು. ದಾನಿಗಳ, ಸಿಬ್ಬಂದಿಯ ಪರಿಚಯದ ಮೇಲೆ 64 ಜನರಿಗೆ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತ್ತು. ಅಂದರೆ ನಿಯಮ ಚೆನ್ನಾಗಿದ್ದ ಕಡೆಯೂ ಹಿಂಬಾಗಿಲು ಇತ್ತು. ಆ ಒಂದೊಂದು ಸೀಟಿಗೂ ಯಾವುದೋ ಮನೆಯ ಮಗು ರಾತ್ರಿಯೆಲ್ಲ ಓದಿತ್ತು. ಇಲ್ಲಿ ಯಾರ ಪರಿಚಯವೂ ಇಲ್ಲದೆ ಬಂದ ನಾವು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಹಾಗಾದರೆ ನಮ್ಮ ಡಿಗ್ರಿಯಿಂದ ಏನೂ ಪ್ರಯೋಜನವಿಲ್ಲವೇ? ಇದೆ, ಸೀಟಿಗಲ್ಲ, ಫೀಸಿಗೆ. ಹೊರರಾಜ್ಯದವರ ಫೀಸು ದುಬಾರಿ ಅಲ್ವಾ? ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಅದನ್ನು ಇಳಿಸುವ ಸ್ಕಾಲರ್‌ಶಿಪ್ ಹಲವು ಸ್ಟೇಟ್ ಯೂನಿವರ್ಸಿಟಿಗಳಲ್ಲಿದೆ. ಕಾನ್ಸಾಸ್ ಯೂನಿವರ್ಸಿಟಿಯ "ಜೇಹಾಕ್ ಜನರೇಷನ್ಸ್" ಅಂಥದ್ದು. ಕೆಂಟಕಿಯಲ್ಲೂ ಒಂದಿದೆ. ಫ್ಲೋರಿಡಾದಲ್ಲಿ ಅಜ್ಜ ಅಥವಾ ಅಜ್ಜಿ ನಿವಾಸಿಗಳಾಗಿದ್ದರೆ ಒಳ್ಳೆಯ ಅಂಕ ತೆಗೆದ ಮೊಮ್ಮಕ್ಕಳಿಗೆ ಹೊರರಾಜ್ಯದ ಹೆಚ್ಚುವರಿ ಫೀಸು ಬಿಡುವ ಕಾನೂನು ಇದೆ, ಆದರೆ ಇಡೀ ರಾಜ್ಯಕ್ಕೆ ಸೇರಿ ಸೀಮಿತ ಸಂಖ್ಯೆಗೆ ಮಾತ್ರ. ಸೆಪ್ಟೆಂಬರ್‌ನಲ್ಲೇ ನಿಮ್ಮ ಯೂನಿವರ್ಸಿಟಿಯ ಸ್ಕಾಲರ್‌ಶಿಪ್ ಪುಟ ತೆಗೆದು ಮೂರು ವಿಷಯ ಬರೆದುಕೊಳ್ಳಿ: ಮಾಸ್ಟರ್ಸ್ ಸಾಕೇ, ಎಷ್ಟು ಜಿಪಿಎ ಬೇಕು, ಕೊನೆಯ ತಾರೀಕು ಯಾವುದು. ಎಷ್ಟೋ ಕಡೆ ಸ್ಕಾಲರ್‌ಶಿಪ್ ಬೇಕೆಂದರೆ ಮಾಮೂಲಿ ಗಡುವಿಗಿಂತ ಮೊದಲೇ ಅರ್ಜಿ ಸೇರಿರಬೇಕು.