ತಾಳಮದ್ದಳೆ ಕೂಟವನ್ನು ಫೋನಿನಲ್ಲಿ ಮುದ್ರಿಸಿಕೊಳ್ಳುವ ಬಗೆ: ನನ್ನ ಅನುಭವ

ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕರಾವಳಿಯಲ್ಲಿ ತಾಳಮದ್ದಳೆಯ, ಅಂದರೆ ಕುಳಿತು ನಡೆಸುವ ಯಕ್ಷಗಾನದ, ಕಾಲ ಆರಂಭವಾಗುತ್ತದೆ. ಮೇ ತಿಂಗಳ ಕೊನೆಯಿಂದ ಮಳೆಗಾಲವಿಡೀ ದೇವಸ್ಥಾನದ ಸಭಾಂಗಣದಲ್ಲೋ ಶಾಲೆಯ ಕೊಠಡಿಯಲ್ಲೋ ಯಾರದಾದರೂ ಮನೆಯ ಚಾವಡಿಯಲ್ಲೋ ಕೂಟಗಳು ನಡೆಯುತ್ತವೆ. ವೇಷವಿಲ್ಲ, ಕುಣಿತವಿಲ್ಲ, ಇರುವುದೆಲ್ಲ ಹಾಡುವ ಭಾಗವತರ ಪದ್ಯ, ಚೆಂಡೆ ಮದ್ದಳೆಗಳ ನುಡಿತ ಮತ್ತು ಪಾತ್ರಗಳಾಗಿ ಮಾತನಾಡುವ ಅರ್ಥಧಾರಿಗಳ ಮಾತು. ಕಣ್ಣಿಗೆ ಕಾಣುವುದು ಬಹಳ ಕಡಿಮೆಯಾದ್ದರಿಂದ ಈ ಕಲೆಯನ್ನು ಉಳಿಸಿಕೊಳ್ಳಲು ವಿಡಿಯೊಗಿಂತ ಒಳ್ಳೆಯ ಧ್ವನಿಮುದ್ರಣವೇ ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ. ಅನೇಕ ಮಳೆಗಾಲಗಳಿಂದ ನಾನು ನಮ್ಮ ಸುತ್ತಿನ ಕೂಟಗಳನ್ನು ಫೋನಿನಲ್ಲಿಯೇ ಮುದ್ರಿಸಿಕೊಳ್ಳುತ್ತ ಬಂದಿದ್ದೇನೆ. ಹಾಗೆ ಮಾಡುವಾಗ ನಾನು ಅನುಸರಿಸುವ ಕ್ರಮವನ್ನು, ಅದರ ಹಿಂದಿನ ಕಾರಣಗಳೊಂದಿಗೆ, ಇಲ್ಲಿ ಬರೆದಿದ್ದೇನೆ.

ಮೊದಲು ಕಷ್ಟ ಎಲ್ಲಿದೆ ಎಂಬುದನ್ನು ಹೇಳಬೇಕು. ಬಿರುಸಿನ ಏರುಪದ್ಯವೊಂದರ ಕೊನೆಗೆ ಚೆಂಡೆ ಬಿಡ್ತಿಗೆಯೆಂಬ ನುಡಿತದೊಡನೆ ಮುಗಿದ ಮರುಕ್ಷಣವೇ ಅರ್ಥಧಾರಿ ತಗ್ಗಿದ ದನಿಯಲ್ಲಿ, ತನಗೆ ತಾನೇ ಹೇಳಿಕೊಳ್ಳುವಂತೆ, ಪೀಠಿಕೆ ಆರಂಭಿಸುತ್ತಾರೆ. ನಮ್ಮ ಕಿವಿ ಇದಕ್ಕೆ ತಾನಾಗಿ ಹೊಂದಿಕೊಳ್ಳುತ್ತದೆ. ಫೋನು ಕೂಡ ಹೊಂದಿಕೊಳ್ಳಲು ನೋಡುತ್ತದೆ, ಆದರೆ ತೀರ ಒರಟಾಗಿ. ಫೋನಿನ ಧ್ವನಿವ್ಯವಸ್ಥೆಯನ್ನು ಮುಖ್ಯವಾಗಿ ರೂಪಿಸಿರುವುದು ಕರೆಯಲ್ಲಿ ಮಾತನಾಡುವವರಿಗಾಗಿ. ದೊಡ್ಡ ಸದ್ದು ಬಂದರೆ ಮಟ್ಟವನ್ನು ಇಳಿಸುವುದು, ಸಣ್ಣ ಸದ್ದು ಬಂದರೆ ಏರಿಸುವುದು, ಒಂದೇ ಸಮನೆ ಕೇಳುತ್ತಿರುವುದನ್ನು ಗದ್ದಲವೆಂದು ಬಗೆದು ಅಳಿಸುವುದು, ಇವೆಲ್ಲವನ್ನೂ ಅದು ನಮ್ಮನ್ನು ಕೇಳದೆಯೇ ಮಾಡುತ್ತದೆ. ಕರೆಗೆ ಅದು ಒಳ್ಳೆಯದೇ. ಕೂಟಕ್ಕೆ ಅದೇ ಮುಳುವು.

ಇದನ್ನು ನೀವೇ ಪರೀಕ್ಷಿಸಿ ನೋಡಬಹುದು. ಶ್ರುತಿಪೆಟ್ಟಿಗೆಯನ್ನು ಹಾಕಿ, ಅದರ ಹತ್ತಿರ ಫೋನನ್ನು ಇಟ್ಟು, ಫೋನಿನೊಂದಿಗೆ ಬಂದ ರೆಕಾರ್ಡರ್ ಆ್ಯಪ್‌ನಲ್ಲಿ ಒಂದು ನಿಮಿಷ ಮುದ್ರಿಸಿಕೊಂಡು ಇಯರ್‌ಫೋನಿನಲ್ಲಿ ಕೇಳಿರಿ. ಹಲವು ಫೋನುಗಳಲ್ಲಿ ಶ್ರುತಿ ಮೊದಲ ಕೆಲವು ಸೆಕೆಂಡು ತುಂಬಿಕೊಂಡು ಕೇಳಿಸಿ, ಆಮೇಲೆ ಯಾರೋ ಬಾಗಿಲು ಮುಚ್ಚಿದಂತೆ ಕ್ಷೀಣವಾಗುತ್ತದೆ. ಫ್ಯಾನಿನ ಸದ್ದಿಗೂ ಶ್ರುತಿಗೂ ಇರುವ ವ್ಯತ್ಯಾಸ ಫೋನಿಗೆ ತಿಳಿಯದು. ಎರಡೂ ಒಂದೇ ಸಮನೆ ಬರುವ ಸದ್ದುಗಳು. ಕೂಟದಲ್ಲಾದರೆ ಭಾಗವತರು ಪದ್ಯ ಎತ್ತಿದಾಗಲೆಲ್ಲ ಶ್ರುತಿ ಮತ್ತೆ ಇಣುಕುತ್ತದೆ, ಅವರು ಉಸಿರು ತೆಗೆದುಕೊಂಡಾಗ ಮಾಯವಾಗುತ್ತದೆ. ಚೆಂಡೆಯ ವಿಷಯದಲ್ಲಿ ಇನ್ನೊಂದು ಬಗೆಯ ಹಾನಿ. ಗಟ್ಟಿಯಾದ ಒಂದು ಪೆಟ್ಟು ಬಿದ್ದಕೂಡಲೇ ಫೋನು ಇಡೀ ಮಟ್ಟವನ್ನು ಕೆಳಗಿಳಿಸುವುದರಿಂದ ಭಾಗವತರ ಸ್ವರವೂ ಅದರೊಂದಿಗೆ ಕುಸಿದು, ನಿಧಾನವಾಗಿ ಮೇಲೆದ್ದು, ಮುಂದಿನ ಪೆಟ್ಟಿಗೆ ಪುನಃ ಕುಸಿಯುತ್ತದೆ. ಹೀಗೆ ಕೆಟ್ಟ ಮುದ್ರಣವನ್ನು ಆಮೇಲೆ ಯಾವ ತಂತ್ರಾಂಶದಿಂದಲೂ ತೃಪ್ತಿಕರವಾಗಿ ಸರಿಪಡಿಸಲಾಗದು.

ಆದುದರಿಂದ ಫೋನಿನ ಈ ಜಾಣತನವನ್ನು ನಿಲ್ಲಿಸುವುದು ನನ್ನ ಮೊದಲ ಕೆಲಸ. ಆಂಡ್ರಾಯ್ಡ್ ಫೋನುಗಳಲ್ಲಿ ರೆಕ್‌ಫೋರ್ಜ್, ಈಸಿ ವಾಯ್ಸ್ ರೆಕಾರ್ಡರ್ ಮೊದಲಾದ ಆ್ಯಪ್‌ಗಳ ಸೆಟ್ಟಿಂಗ್‌ನಲ್ಲಿ ಧ್ವನಿಯನ್ನು ಎಲ್ಲಿಂದ, ಹೇಗೆ ತೆಗೆದುಕೊಳ್ಳಬೇಕೆಂದು ಆರಿಸುವ ಅವಕಾಶವಿರುತ್ತದೆ. ಆಂಡ್ರಾಯ್ಡ್ 7 ಮತ್ತು ಅದರ ನಂತರದ ಫೋನುಗಳಲ್ಲಿ ಸಂಸ್ಕರಣೆಯಿಲ್ಲದ ಧ್ವನಿಯನ್ನು ಆ್ಯಪ್‌ಗಳು ಕೇಳಿ ಪಡೆಯಬಹುದು, ಆದರೆ ಎಲ್ಲ ಫೋನುಗಳೂ ಅದನ್ನು ಕೊಡುವುದಿಲ್ಲ. ಕೊಡದ ಫೋನಿನಲ್ಲಿ ‘ವಾಯ್ಸ್ ರೆಕಗ್ನಿಷನ್’ ಎಂಬ ಆಯ್ಕೆಯಿದ್ದರೆ ಅದನ್ನು ಬಳಸುತ್ತೇನೆ. ಮಾತನ್ನು ಗುರುತಿಸುವ ಯಂತ್ರಕ್ಕೆ ತಿದ್ದದ ಧ್ವನಿ ಬೇಕಾಗುವುದರಿಂದ ಮಟ್ಟವನ್ನು ಏರಿಳಿಸುವ ಕೆಲಸ ಅಲ್ಲಿ ಸಾಮಾನ್ಯವಾಗಿ ನಿಂತಿರುತ್ತದೆ. ಐಫೋನಿನ ವಾಯ್ಸ್ ಮೆಮೋಸ್‌ನಲ್ಲಿ ಧ್ವನಿಯ ಗುಣಮಟ್ಟವನ್ನು ‘ಕಂಪ್ರೆಸ್ಡ್’ನಿಂದ ‘ಲಾಸ್‌ಲೆಸ್’ಗೆ ಬದಲಿಸಬಹುದು. ಯಾವ ಆಯ್ಕೆ ಒಳ್ಳೆಯದೆಂಬುದು ಫೋನಿನಿಂದ ಫೋನಿಗೆ ಬೇರೆಯಾಗುತ್ತದೆ. ಪ್ರತಿಯೊಂದು ಆಯ್ಕೆಯಲ್ಲೂ ಶ್ರುತಿಪೆಟ್ಟಿಗೆಯನ್ನು ಒಂದೊಂದು ನಿಮಿಷ ಮುದ್ರಿಸಿ, ಶ್ರುತಿ ಕೊನೆಯವರೆಗೂ ಅಲುಗಾಡದೆ ನಿಂತದ್ದು ಯಾವುದರಲ್ಲಿ ಎಂದು ಕೇಳಿ ನಿರ್ಧರಿಸುವುದೇ ನನಗೆ ಒಗ್ಗಿದ ಉಪಾಯ.

ಕಡತದ ರೂಪದ ಬಗ್ಗೆ ಹೆಚ್ಚು ಚರ್ಚೆಯ ಅಗತ್ಯವಿಲ್ಲ. ವೇವ್ ರೂಪ, 48 ಕಿಲೋಹರ್ಟ್ಸ್, 16 ಬಿಟ್, ಮೋನೊ. ಈ ಲೆಕ್ಕದಲ್ಲಿ ಗಂಟೆಗೆ ಸುಮಾರು 345 ಎಂಬಿ ಆಗುತ್ತದೆ. ಮೂರು ಗಂಟೆಯ ಕೂಟಕ್ಕೆ ಒಂದು ಜಿಬಿಗಿಂತ ತುಸು ಹೆಚ್ಚು ಜಾಗ ಬೇಕು. ಈಗಿನ ಫೋನುಗಳಿಗೆ ಇದೊಂದು ಭಾರವೇ ಅಲ್ಲ.

ಎರಡನೆಯ ಮತ್ತು ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದ ಸಂಗತಿಯೆಂದರೆ ಫೋನನ್ನು ಎಲ್ಲಿ ಇಡಬೇಕೆಂಬುದು. ಫೋನಿನ ಮೈಕು ಎಲ್ಲ ದಿಕ್ಕುಗಳಿಂದಲೂ ಬಹುತೇಕ ಸಮನಾಗಿ ಕೇಳಿಸಿಕೊಳ್ಳುತ್ತದೆ. ಅದನ್ನು ಭಾಗವತರ ಕಡೆಗೆ ತಿರುಗಿಸಿ ಹಿಡಿದರೆ ಚೆಂಡೆ ಕಡಿಮೆಯಾದೀತೆಂಬುದು ಭ್ರಮೆ. ದಿಕ್ಕು ಬದಲಿಸಿ ಪ್ರಯೋಜನವಿಲ್ಲ, ಜಾಗ ಬದಲಿಸಬೇಕು. ಬಯಲಿನಲ್ಲಿ ದೂರ ಇಮ್ಮಡಿಯಾದಾಗ ಸದ್ದಿನ ಮಟ್ಟ ಆರು ಡೆಸಿಬಲ್ ಇಳಿಯುತ್ತದೆ. ಒಳಾಂಗಣದಲ್ಲಿ ಗೋಡೆಗಳ ಮಾರ್ದನಿಯಿಂದಾಗಿ ಇಳಿತ ಅಷ್ಟಾಗದಿದ್ದರೂ ಹತ್ತಿರದಲ್ಲಿ ಈ ನಿಯಮ ಚೆನ್ನಾಗಿಯೇ ನಡೆಯುತ್ತದೆ. ಚೆಂಡೆಯಿಂದ ನಾಲ್ಕು ಅಡಿಯಲ್ಲಿರುವ ಫೋನನ್ನು ಎಂಟು ಅಡಿಗೆ ಸರಿಸಿ, ಅದೇ ಹೊತ್ತಿಗೆ ಅರ್ಥಧಾರಿಗಳಿಗೆ ಹತ್ತಿರ ಮಾಡಿದರೆ ಎರಡರ ನಡುವಿನ ಅಂತರ ತಾನಾಗಿ ತಗ್ಗುತ್ತದೆ.

ನಮ್ಮ ಕಡೆಯ ಕೂಟಗಳಲ್ಲಿ ಹಿಮ್ಮೇಳ, ಅಂದರೆ ಭಾಗವತರು ಮತ್ತು ವಾದ್ಯದವರು, ನಡುವೆ ಹಿಂದಕ್ಕೆ ಕುಳಿತು, ಅರ್ಥಧಾರಿಗಳು ಅದರ ಮುಂದೆ ಎರಡು ಬದಿಗಳಲ್ಲಿ ಎದುರುಬದುರಾಗಿ ಕುಳಿತುಕೊಳ್ಳುವುದು ರೂಢಿ. ಇಬ್ಬರು ಅರ್ಥಧಾರಿಗಳ ನಡುವಿನ ಜಾಗದಲ್ಲಿ, ಅವರಿಗೆ ತುಸು ಮುಂದಕ್ಕೆ, ಸಭಿಕರ ಕಡೆಗೆ ಬರುವಂತೆ ಒಂದು ಸಣ್ಣ ಸ್ಟೂಲನ್ನು ಇರಿಸಿ, ಕುಳಿತವರ ಎದೆಯ ಮಟ್ಟಕ್ಕೆ ಫೋನು ಬರುವಂತೆ ನೋಡಿಕೊಳ್ಳುತ್ತೇನೆ. ಚೆಂಡೆ ಎಡಗಡೆಗಿದ್ದರೆ ಸ್ಟೂಲನ್ನು ಎರಡು ಅಡಿ ಬಲಕ್ಕೂ ಬಲಗಡೆಗಿದ್ದರೆ ಎಡಕ್ಕೂ ಸರಿಸುತ್ತೇನೆ. ಸ್ಟೂಲಿನ ಮೇಲೆ ಬೈರಾಸನ್ನು (ಹೆಗಲ ಮೇಲಿನ ಟವೆಲನ್ನು) ನಾಲ್ಕು ಮಡಿಕೆ ಮಾಡಿ ಹಾಸಿ ಅದರ ಮೇಲೆ ಫೋನಿಡಬೇಕು. ಹಲಗೆಯ ವೇದಿಕೆಯಾದರೆ ಯಾರಾದರೂ ಕಾಲು ಅಲುಗಿಸಿದರೂ ಸಾಕು, ಆ ನಡುಕ ಸ್ಟೂಲಿನ ಮೂಲಕ ಏರಿ ಮೈಕಿಗೆ ಗುಡುಗಿನಂತೆ ತಲುಪುತ್ತದೆ. ಬೈರಾಸು ಅದನ್ನು ಬಹುಮಟ್ಟಿಗೆ ನುಂಗಿಕೊಳ್ಳುತ್ತದೆ. ಫೋನಿನ ಮುಖ್ಯ ಮೈಕು ಸಾಮಾನ್ಯವಾಗಿ ಕೆಳಗಿನ ಅಂಚಿನಲ್ಲಿ, ಚಾರ್ಜಿಂಗ್ ಕಿಂಡಿಯ ಪಕ್ಕದಲ್ಲಿರುವ ಸೂಜಿಮೊನೆಯಷ್ಟು ಸಣ್ಣ ತೂತು. ಬಟ್ಟೆಯಲ್ಲಿ ಅದು ಹುದುಗಿಹೋಗದಂತೆ ಆ ಅಂಚನ್ನು ಹೊರಗೆ ಬಿಡಬೇಕು, ದಪ್ಪ ಕವರ್ ಇದ್ದರೆ ತೆಗೆದುಬಿಡಬೇಕು. ಆ ತೂತಿನಲ್ಲಿ ಜೇಬಿನ ಧೂಳು ತುಂಬಿಕೊಂಡಿದ್ದರೂ ಧ್ವನಿ ಮಂಕಾಗುತ್ತದೆ.

ಸಭಾಂಗಣದಲ್ಲಿ ಧ್ವನಿವರ್ಧಕವಿದ್ದರೆ ಅದರ ಪೆಟ್ಟಿಗೆಯ ಎದುರಿನಲ್ಲಿ ಫೋನಿಡಬಾರದು. ಧ್ವನಿವರ್ಧಕದ ಮಾತು ಬೇರೆ, ಬಾಯಿಯಿಂದ ನೇರ ಬರುವ ಮಾತು ಬೇರೆ. ಎರಡೂ ಸ್ವಲ್ಪ ಹಿಂದುಮುಂದಾಗಿ ಬಂದು ಕಲಸಿಕೊಂಡರೆ ಅಕ್ಷರಗಳ ಅಂಚು ಮಸುಕಾಗುತ್ತದೆ. ಹತ್ತು ಮೀಟರ್ ದೂರ ಬರಲು ಸದ್ದಿಗೆ ಸುಮಾರು 29 ಮಿಲಿಸೆಕೆಂಡು ಬೇಕು ಎಂದರೆ ಈ ಹಿಂದುಮುಂದಿನ ಅಳತೆ ತಿಳಿದೀತು.

ಧ್ವನಿವರ್ಧಕದ ಎಲ್ಲ ಮೈಕುಗಳನ್ನು ಕೂಡಿಸುವ ಮಿಕ್ಸರಿನಿಂದಲೇ ತಂತಿ ಎಳೆದು ಫೋನಿಗೆ ಕೊಟ್ಟರೆ ಸುಲಭವಲ್ಲವೇ ಎಂದು ಅನೇಕರು ಕೇಳುತ್ತಾರೆ. ಮಾತಿನ ಮಟ್ಟಿಗೆ ಅದು ಬಹಳ ಸ್ವಚ್ಛವಾಗಿ ಬರುತ್ತದೆ, ನಿಜ. ಆದರೆ ಮಿಕ್ಸರಿನ ಔಟ್‌ಪುಟ್ ಮೈಕಿನದಕ್ಕಿಂತ ನೂರಾರು ಪಟ್ಟು ಬಲವಾದ್ದರಿಂದ ಅದನ್ನು ಫೋನಿನ ಮೈಕ್ ಕಿಂಡಿಗೆ ನೇರವಾಗಿ ಕೊಡುವಂತಿಲ್ಲ; ನಡುವೆ ಮಟ್ಟ ತಗ್ಗಿಸುವ ಕೇಬಲ್ ಅಥವಾ ಸಣ್ಣ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಬೇಕು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಚೆಂಡೆಗೆ ಸಾಮಾನ್ಯವಾಗಿ ಮೈಕ್ ಇಡುವುದಿಲ್ಲ, ಇಡುವ ಅಗತ್ಯವೂ ಇಲ್ಲ. ಹಾಗಾಗಿ ಮಿಕ್ಸರಿನಿಂದ ಬಂದ ಮುದ್ರಣದಲ್ಲಿ ಚೆಂಡೆ ಪಕ್ಕದ ಮನೆಯಲ್ಲಿ ಬಾರಿಸಿದಂತೆ ಕೇಳಿಸುತ್ತದೆ, ಸಭೆಯ ನಗುವೂ ಚಪ್ಪಾಳೆಯೂ ಇರುವುದೇ ಇಲ್ಲ. ಅರ್ಥಧಾರಿಯ ಚಾಟುವಿಗೆ ಸಭೆ ನಕ್ಕದ್ದು ಕೇಳಿಸದಿದ್ದರೆ ಎದುರು ಅರ್ಥಧಾರಿ ಯಾಕೆ ಅರೆಕ್ಷಣ ತಡೆದರೆಂಬುದು ಕೇಳುಗನಿಗೆ ಅರ್ಥವಾಗುವುದೇ ಇಲ್ಲ. ಇನ್ನೊಂದು ಫೋನು ಸಿಕ್ಕಿದಾಗ ಮಾತ್ರ ನಾನು ಮಿಕ್ಸರಿನಿಂದಲೂ ತೆಗೆದುಕೊಂಡು, ಆಮೇಲೆ ಎರಡನ್ನೂ ಸೇರಿಸುತ್ತೇನೆ. ಎರಡನ್ನೂ ಶುರುಮಾಡಿದ ಮೇಲೆ ಒಂದು ಮೈಕಿನ ಹತ್ತಿರ ಗಟ್ಟಿಯಾಗಿ ಚಪ್ಪಾಳೆ ತಟ್ಟಿದರೆ ಹೊಂದಿಸಲು ಗುರುತಾಗುತ್ತದೆ. ಆದರೆ ಎರಡು ಫೋನುಗಳ ಗಡಿಯಾರ ಕೂದಲೆಳೆಯಷ್ಟು ಬೇರೆ ಬೇರೆ ವೇಗದಲ್ಲಿ ಓಡುವುದರಿಂದ ಗಂಟೆಗೊಮ್ಮೆಯಾದರೂ ಮರುಹೊಂದಿಸಬೇಕಾಗುತ್ತದೆ.

ಮಟ್ಟದ ವಿಷಯಕ್ಕೆ ಬಂದರೆ, ಸೊನ್ನೆಯೇ ಮಿತಿಯಾಗಿರುವ ಆ್ಯಪ್‌ನ ಮೀಟರಿನಲ್ಲಿ ಸಾಮಾನ್ಯ ಮಾತು ಮೈನಸ್ 20 ಡೆಸಿಬಲ್ ಸುತ್ತಮುತ್ತ, ಚೆಂಡೆಯ ಗಟ್ಟಿ ಪೆಟ್ಟು ಮೈನಸ್ 6ಕ್ಕಿಂತ ಮೇಲೇರದಂತೆ ಗೇನ್ (ಮುದ್ರಣದ ಮಟ್ಟವನ್ನು ಏರಿಳಿಸುವ ಹಿಡಿತ) ಇಡುತ್ತೇನೆ. ಕೂಟಕ್ಕೆ ಮೊದಲು ಚೆಂಡೆಯವರು ಶ್ರುತಿ ಹೊಂದಿಸಿಕೊಳ್ಳಲು ನಾಲ್ಕು ಪೆಟ್ಟು ಹಾಕುವ ಹೊತ್ತೇ ಇದಕ್ಕೆ ಸರಿಯಾದ ಸಮಯ. ಆದರೂ ಏರುಪದ್ಯದಲ್ಲಿ ಅವರ ಕೈ ಅದಕ್ಕಿಂತ ಬಿರುಸಾಗುತ್ತದೆ ಎಂಬುದನ್ನು ನೆನಪಿಟ್ಟು ಇನ್ನಷ್ಟು ಜಾಗ ಬಿಟ್ಟುಕೊಳ್ಳಬೇಕು. ಸಣ್ಣಗೆ ಮುದ್ರಿತವಾದುದನ್ನು ಆಮೇಲೆ ದೊಡ್ಡದು ಮಾಡಬಹುದು, ಒಡೆದುಹೋದ ಪೆಟ್ಟನ್ನು ಕೂಡಿಸಲಾಗದು. ಗೇನ್ ಇಳಿಸಿದರೂ ಪೆಟ್ಟು ಒಡೆದಂತೆ ಕೇಳಿಸಿದರೆ ಮೈಕೇ ಆ ಸದ್ದನ್ನು ತಾಳುತ್ತಿಲ್ಲವೆಂದು ಅರ್ಥ. ಆಗ ಸ್ಟೂಲನ್ನು ದೂರ ಸರಿಸದೆ ಬೇರೆ ದಾರಿಯಿಲ್ಲ.

ಹೊರಗಿನ ಮೈಕನ್ನು ನಾನು ಕೂಟಗಳಲ್ಲಿ ಬಳಸುವುದಿಲ್ಲ. ಹಿರಿಯ ಅರ್ಥಧಾರಿಯೊಬ್ಬರ ಮನೆಗೆ ಹೋಗಿ ಅವರ ನೆನಪುಗಳನ್ನು ಮುದ್ರಿಸಿಕೊಳ್ಳುವಾಗ ಮಾತ್ರ ಕಾಲರ್ ಮೈಕ್ ಬಹಳ ಪ್ರಯೋಜನಕ್ಕೆ ಬರುತ್ತದೆ. ನನ್ನಲ್ಲಿರುವುದು ಬೋಯಾ ಬಿವೈ-ಎಂ1. ಅದಕ್ಕೆ ಆರು ಮೀಟರ್ ಉದ್ದದ ತಂತಿಯೂ ಫೋನಿಗೂ ಕ್ಯಾಮೆರಾಕ್ಕೂ ಬದಲಿಸಿಕೊಳ್ಳುವ ಒಂದು ಸ್ವಿಚ್ಚೂ ಇದೆ. ಫೋನಿಗೆ ಹಾಕುವ ಮೈಕಿನ ಪಿನ್ನಿನಲ್ಲಿ ಮೂರು ಕಪ್ಪು ಗೆರೆಗಳಿರುತ್ತವೆ, ಕ್ಯಾಮೆರಾಕ್ಕೆಂದೇ ಮಾಡಿದ ಮೈಕಿನಲ್ಲಿ ಎರಡೇ. ಎರಡು ಗೆರೆಯ ಮೈಕನ್ನು ಚುಚ್ಚಿದರೆ ಫೋನು ಅದನ್ನು ಗುರುತಿಸದೆ ತನ್ನ ಒಳಗಿನ ಮೈಕಿನಲ್ಲೇ ಮುದ್ರಿಸುತ್ತ ಹೋಗುತ್ತದೆ. ಆದ್ದರಿಂದ ಶುರುವಿಗೆ ಕಾಲರ್ ಮೈಕನ್ನು ಬೆರಳಿನಿಂದ ಮೆಲ್ಲಗೆ ಗೀರಿ, ಆ ಸದ್ದು ಬಂತೇ ಎಂದು ಕೇಳಿ ನೋಡುವುದು ಕ್ಷೇಮ. ಅರ್ಥಧಾರಿಗಳ ಬಾಯಲ್ಲಿ ಮಹಾಪ್ರಾಣಗಳು ಸ್ಪಷ್ಟವಾಗಿ, ಗಾಳಿಯೊಡನೆ ಹೊರಡುತ್ತವೆ. ‘ಭಳಿರೇ’ ಎಂಬ ಒಂದು ಉದ್ಗಾರ ಸಾಕು, ಮೈಕನ್ನು ಬಾಯಿಯ ನೇರಕ್ಕೆ ಹಿಡಿದಿದ್ದರೆ ಡಬ್ ಎಂಬ ಸದ್ದು ಆ ಅಕ್ಷರವನ್ನೇ ಮುಚ್ಚಿಬಿಡುತ್ತದೆ. ಎದೆಯ ಮೇಲೆ, ಗಲ್ಲದಿಂದ ಒಂದು ಗೇಣು ಕೆಳಗೆ, ಶಲ್ಯದ ಅಂಚು ಉಜ್ಜದ ಕಡೆ ಸಿಕ್ಕಿಸಿದರೆ ಉಸಿರು ಮೈಕಿನ ಮೇಲಿಂದ ಹಾದುಹೋಗುತ್ತದೆ.

ಮಳೆಗೆ ಮಾತ್ರ ಮದ್ದಿಲ್ಲ. ಶೀಟಿನ ಮಾಡಿನ ಮೇಲೆ ಆಟಿ ತಿಂಗಳ ಜೋರುಮಳೆ ಸುರಿದರೆ ಆ ಸದ್ದು ಮಾತಿನ ಎಲ್ಲ ಸ್ಥಾಯಿಗಳನ್ನೂ ಒಟ್ಟಿಗೆ ಆವರಿಸುತ್ತದೆ. ಅದನ್ನು ಕಳೆಯಹೊರಟರೆ ಮಾತೂ ಕಳೆದು, ಉಳಿದದ್ದು ನೀರಿನಡಿಯಿಂದ ಬಂದಂತಾಗುತ್ತದೆ. ಹೆಂಚಿನ ಮಾಡು ಇದಕ್ಕಿಂತ ಎಷ್ಟೋ ವಾಸಿ. ಮಳೆ ಬಂದಾಗ ನಾನು ಸ್ಟೂಲನ್ನು ಅರ್ಥಧಾರಿಗಳಿಗೆ ಇನ್ನೊಂದಡಿ ಹತ್ತಿರ ತಂದು ಸುಮ್ಮನಾಗುತ್ತೇನೆ. ನೆತ್ತಿಯ ಮೇಲಿನ ಫ್ಯಾನನ್ನು ಆರಿಸಲು ಸಂಘಟಕರನ್ನು ಕೇಳಿಕೊಳ್ಳಬಹುದು. ಮಳೆಗಾಲದಲ್ಲಿ ಯಾರೂ ಬೇಡವೆನ್ನುವುದಿಲ್ಲ. ಚಾರ್ಜರಿಗೆ ಸಿಕ್ಕಿಸಿಕೊಂಡು ಮುದ್ರಿಸಿದರೆ, ಅದರಲ್ಲೂ ಹೊರಗಿನ ಮೈಕ್ ಇದ್ದಾಗ, 50 ಹರ್ಟ್ಸಿನ ಗುಂಯ್‌ಗುಟ್ಟುವಿಕೆ ಸೇರಿಕೊಳ್ಳುವ ಸಂಭವವಿರುವುದರಿಂದ ಪವರ್ ಬ್ಯಾಂಕ್ ಬಳಸುತ್ತೇನೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕುವುದಂತೂ ಕಡ್ಡಾಯ. ಸಂವಾದ ಕಾವೇರಿದ ಹೊತ್ತಿನಲ್ಲಿ ಕರೆಯೊಂದು ಬಂದರೆ ಹಲವು ಆ್ಯಪ್‌ಗಳು ಮುದ್ರಣವನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತವೆ.

ಮುದ್ರಣಕ್ಕೆ ಮೊದಲು ಭಾಗವತರನ್ನೂ ಅರ್ಥಧಾರಿಗಳನ್ನೂ ಕೇಳಿಯೇ ಮುಂದುವರಿಯುತ್ತೇನೆ. ಮಾತು ಆಶುವಾಗಿ ಹುಟ್ಟುವ ಕಲೆಯಲ್ಲಿ ಎಲ್ಲ ದಿನದ ಮಾತೂ ಊರೆಲ್ಲ ತಿರುಗಲೆಂದು ಎಲ್ಲರೂ ಬಯಸುವುದಿಲ್ಲ. ‘ನಿಮಗಿರಲಿ, ಹಂಚುವುದು ಬೇಡ’ ಎಂದರೆ ಅಲ್ಲಿಗೆ ಮುಗಿಯಿತು. ಒಪ್ಪಿಗೆ ಸಿಕ್ಕಿದ ಮೇಲೆ ದಿನಾಂಕ, ಊರು, ಪ್ರಸಂಗ, ಕಲಾವಿದರ ಹೆಸರು ಮತ್ತು ಪಾತ್ರ, ಇಷ್ಟನ್ನು ಮುದ್ರಣದ ಆರಂಭದಲ್ಲಿ ನನ್ನ ದನಿಯಲ್ಲೇ ಹೇಳಿಬಿಡುತ್ತೇನೆ. ಕಡತದ ಹೆಸರು ಬದಲಾದರೂ ಈ ಮಾಹಿತಿ ಅಳಿಯುವುದಿಲ್ಲ.

ಮನೆಗೆ ಬಂದ ಮೇಲಿನ ಕೆಲಸ ಕಡಿಮೆ. ಉಚಿತವಾಗಿ ಸಿಗುವ ಆಡಾಸಿಟಿ ಎಂಬ ತಂತ್ರಾಂಶದಲ್ಲಿ ಕಡತವನ್ನು ತೆರೆದು, 80 ಹರ್ಟ್ಸಿಗಿಂತ ಕೆಳಗಿನದನ್ನು ಹೈಪಾಸ್ ಫಿಲ್ಟರಿನಿಂದ ಕಳೆದು, ಮಾತಿನ ಭಾಗಗಳನ್ನು ಮಾತ್ರ ಆರಿಸಿ ನಾಲ್ಕೈದು ಡೆಸಿಬಲ್ ಏರಿಸುತ್ತೇನೆ. ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವ ಕಂಪ್ರೆಸರ್‌ಗೆ ಇಡೀ ಕೂಟವನ್ನು ಒಪ್ಪಿಸುವುದು ನನಗೆ ಹಿಡಿಸದು, ಏಕೆಂದರೆ ಫೋನಿನಲ್ಲಿ ನಿಲ್ಲಿಸಿ ಬಂದ ಕಾಯಿಲೆಯನ್ನೇ ಅದು ಕಂಪ್ಯೂಟರಿನಲ್ಲಿ ಮರಳಿ ತರುತ್ತದೆ. ಹಂಚಲು 128 ಕೆಬಿಪಿಎಸ್‌ನ ಎಂಪಿ3 ಸಾಕು. ಗಂಟೆಗೆ 58 ಎಂಬಿಯೊಳಗೆ ಮುಗಿಯುತ್ತದೆ. ವಾಟ್ಸ್ಆ್ಯಪಿನಲ್ಲಿ ಕಳುಹಿಸುವುದಾದರೆ ಡಾಕ್ಯುಮೆಂಟ್ ಆಗಿ ಲಗತ್ತಿಸಬೇಕು. ಮೂಲ ವೇವ್ ಕಡತಕ್ಕೆ ಕೈ ಹಚ್ಚದೆ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕುಗಳಲ್ಲಿ ಇಡುತ್ತೇನೆ, ಅದರಲ್ಲಿ ಒಂದು ನಮ್ಮ ಮನೆಯಲ್ಲಿ, ಇನ್ನೊಂದು ನೆಂಟರ ಮನೆಯಲ್ಲಿ. ಕರಾವಳಿಯ ತೇವಕ್ಕೆ ಯಂತ್ರಗಳು ಹೇಳದೆ ಕೇಳದೆ ಕೆಡುವುದರಿಂದ ವರ್ಷಕ್ಕೊಮ್ಮೆ, ಮೇಳಗಳು ತಿರುಗಾಟಕ್ಕೆ ಹೊರಡುವ ಹೊತ್ತಿಗೆ, ಎರಡನ್ನೂ ತೆರೆದು ಕಡತಗಳು ಓದಲು ಬರುತ್ತವೆಯೇ ಎಂದು ನೋಡಿಕೊಳ್ಳುತ್ತೇನೆ.