ಸ್ಟಿಮುಲಸ್ ಚೆಕ್ಕು, ಐಟಿನ್ ನಂಬರು ಮತ್ತು ಜಾರ್ಜಿಯಾದ ಓಟು

ಸುಂಕದಿಂದ ಬಂದ ಹಣದಲ್ಲಿ ಜನರಿಗೆ ತಲಾ 2000 ಡಾಲರ್ ಕೊಡುತ್ತೇವೆ ಎಂದು 2025ರ ನವೆಂಬರಿನಲ್ಲಿ ಟ್ರಂಪ್ ಹೇಳಿದಾಗ, ಜಾರ್ಜಿಯಾ ರಾಜ್ಯದ ಅಟ್ಲಾಂಟಾ ಕಡೆಯ ನಮ್ಮ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಹಳೆಯ ಪ್ರಶ್ನೆ ಮತ್ತೆ ಎದ್ದಿತು. "ನಮಗೂ ಬರುತ್ತಾ?" ಹೊಸದಾಗಿ ಬಂದವರು ಕೇಳುವುದು ಸಹಜ. ಆದರೆ ಹಳಬರು 2020ರಲ್ಲಿ, ಕೋವಿಡ್ ಪರಿಹಾರವಾಗಿ ಸರ್ಕಾರ ಸ್ಟಿಮುಲಸ್ ಚೆಕ್ಕು ಹಂಚಿದಾಗ, ಕೊಟ್ಟ ಉತ್ತರವನ್ನೇ ಈಗಲೂ ಕೊಡುತ್ತಿದ್ದಾರೆ. "ಟ್ಯಾಕ್ಸ್ ಕಟ್ಟುತ್ತೀರಲ್ವಾ, ಬಂದೇ ಬರುತ್ತೆ." ಆಗ ನಮ್ಮ ಎಷ್ಟೋ ಮನೆಗಳಿಗೆ ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯ ಮಾತು. ಇಲ್ಲಿ ಅಧ್ಯಕ್ಷರು ಹೇಳಿದ ಮಾತ್ರಕ್ಕೆ ಹಣ ಬರುವುದಿಲ್ಲ. ಖಜಾನೆಯ ಬೀಗದ ಕೈ ಇರುವುದು ಕಾಂಗ್ರೆಸ್ಸಿನ, ಅಂದರೆ ಇಲ್ಲಿಯ ಸಂಸತ್ತಿನ ಹತ್ತಿರ. 2020ರ ಡಿಸೆಂಬರಿನಲ್ಲಿ ಎರಡೂ ಸದನ ಎರಡನೇ ಕಂತಾಗಿ ಒಪ್ಪಿದ್ದು ತಲೆಗೆ 600 ಡಾಲರ್. ಸ್ವತಃ ಅಧ್ಯಕ್ಷ ಟ್ರಂಪ್ 2000 ಆಗಬೇಕು ಎಂದು ಪಟ್ಟು ಹಿಡಿದರು. ಕೆಳಮನೆಯಲ್ಲಿ ಡೆಮಾಕ್ರಾಟರು ಅದಕ್ಕೆ ಕೂಡಲೇ ಹೂಂ ಅಂದು ಮಸೂದೆ ಪಾಸು ಮಾಡಿದರು. ತಡೆದದ್ದು ಸೆನೆಟ್ಟಿನಲ್ಲಿ ಟ್ರಂಪ್ ಅವರದೇ ರಿಪಬ್ಲಿಕನ್ ಪಕ್ಷದ ನಾಯಕ ಮಿಚ್ ಮೆಕಾನಲ್. ಕೊನೆಗೆ ಬಂದದ್ದು 600 ಮಾತ್ರ. ಆದ್ದರಿಂದ ಕಾನೂನು ಪಾಸಾಗುವವರೆಗೆ ಆ ದುಡ್ಡನ್ನು ಮನೆಯ ಲೆಕ್ಕಕ್ಕೆ ಸೇರಿಸಬೇಡಿ. ಪಾಸಾದ ಮೇಲೆ ಎಷ್ಟು ಕೊಡುತ್ತಾರೆ ಎನ್ನುವುದಕ್ಕಿಂತ ಯಾರಿಗೆ ಕೊಡುತ್ತಾರೆ ಎನ್ನುವ ಸಾಲನ್ನು ಓದಿ.

ಆ ಸಾಲಿನಲ್ಲೇ ನಮ್ಮವರು ಸಿಕ್ಕಿಬಿದ್ದದ್ದು. ಸ್ವಲ್ಪ ವಿವರವಾಗಿ ಹೇಳುತ್ತೇನೆ.

2020ರ ಮಾರ್ಚ್ 27ರಂದು ಬಂದ ಕೇರ್ಸ್ ಆಕ್ಟ್ ವಯಸ್ಕರಿಗೆ 1200, ಮಕ್ಕಳಿಗೆ 500 ಡಾಲರ್ ಕೊಟ್ಟಿತು. ಗಂಡ ಹೆಂಡತಿ ಸೇರಿ ವರಮಾನ ಒಂದೂವರೆ ಲಕ್ಷದೊಳಗಿದ್ದರೆ ಪೂರ್ತಿ ಹಣ. ಇಷ್ಟು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದ್ದು ಇನ್ನೊಂದು ಷರತ್ತು. ದಂಪತಿ ಜಂಟಿಯಾಗಿ ರಿಟರ್ನ್ ಫೈಲ್ ಮಾಡಿದ್ದರೆ ಇಬ್ಬರಿಗೂ ಕೆಲಸಕ್ಕೆ ಅರ್ಹವಾದ ಸೋಶಿಯಲ್ ಸೆಕ್ಯುರಿಟಿ ನಂಬರ್, ಅಂದರೆ ಎಸ್‌ಎಸ್‌ಎನ್ ಇರಬೇಕು. ಒಬ್ಬರದು ಐಟಿನ್, ಅಂದರೆ ತೆರಿಗೆ ಕಟ್ಟಲು ಮಾತ್ರ ಕೊಡುವ ನಂಬರ್ ಆಗಿದ್ದರೆ ಇಡೀ ಮನೆಗೆ ಏನೂ ಇಲ್ಲ. ಸೈನ್ಯದಲ್ಲಿ ಇರುವವರಿಗೆ ಮಾತ್ರ ವಿನಾಯಿತಿ.

ಐಟಿನ್ ಯಾರ ಹತ್ತಿರ ಇರುತ್ತದೆ? ಎಚ್-1ಬಿ ಕೆಲಸದ ವೀಸಾ ಇರುವ ಗಂಡನ ಜೊತೆ ಎಚ್-4 ವೀಸಾದಲ್ಲಿ ಬಂದು, ಕೆಲಸದ ಅನುಮತಿ ಸಿಗದೆ ಮನೆಯಲ್ಲಿರುವ ನಮ್ಮ ಹೆಣ್ಣುಮಕ್ಕಳ ಹತ್ತಿರ. ಇಲ್ಲಿ ದಾಖಲೆ ಇಲ್ಲದೆ ಇರುವವರೂ ತೆರಿಗೆ ಕಟ್ಟಲು ಅದೇ ನಂಬರ್ ಬಳಸುತ್ತಾರೆ. ಅವರಿಗೆ ಸರ್ಕಾರದ ಹಣ ಹೋಗಬಾರದು ಎಂದು ರಿಪಬ್ಲಿಕನ್ನರು ಬೀಸಿದ ಬಲೆ ಇದು. ಅದರಲ್ಲಿ ಕಾನೂನುಬದ್ಧವಾಗಿ ಬಂದ ಎಚ್-4 ಮನೆಗಳೂ ಸಿಕ್ಕಿಕೊಂಡವು. ಸೆನೆಟ್ಟಿನಲ್ಲಿ ಆ ಮಸೂದೆ 96-0ರಲ್ಲಿ ಪಾಸಾಯಿತು. ಹಾಗಾಗಿ ಡೆಮಾಕ್ರಾಟರೂ ಇದಕ್ಕೆ ಕೈ ಎತ್ತಿದವರೇ.

ಆಲ್ಫರೆಟ್ಟಾದಲ್ಲಿ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದ ಎರಡು ಮನೆಗಳನ್ನು ನಾನು ಬಲ್ಲೆ. ಎರಡರಲ್ಲೂ ಗಂಡ ಎಚ್-1ಬಿ. ಎರಡರಲ್ಲೂ ಇಲ್ಲೇ ಹುಟ್ಟಿದ ಎರಡೆರಡು ಮಕ್ಕಳು. ಸಂಬಳವೂ ಹೆಚ್ಚು ಕಡಿಮೆ ಒಂದೇ. ಒಂದು ಮನೆಯಾಕೆಗೆ ಎಚ್-4 ಇಎಡಿ, ಅಂದರೆ ಕೆಲಸದ ಅನುಮತಿ ಪತ್ರ ಸಿಕ್ಕಿತ್ತು, ಎಸ್‌ಎಸ್‌ಎನ್ ಇತ್ತು. ಆ ಮನೆಗೆ 3400 ಡಾಲರ್ ಬಂತು. ಇನ್ನೊಂದು ಮನೆಯಾಕೆಗೆ ಐಟಿನ್. ಅಮೆರಿಕದ ಪ್ರಜೆಗಳೇ ಆದ ಆ ಇಬ್ಬರು ಮಕ್ಕಳ ಪಾಲೂ ಸೇರಿ ಬಂದದ್ದು ಸೊನ್ನೆ. ಇದು ಅನ್ಯಾಯ ಎಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಜಾಸ್ತಿ ಜನ ಹಣ ಕಳೆದುಕೊಂಡದ್ದು ಆಮೇಲೆ. 600 ಡಾಲರ್ ಕೊಟ್ಟ ಡಿಸೆಂಬರ್ 27ರ ಕಾನೂನು ಆ ಷರತ್ತನ್ನು ಸಡಿಲಿಸಿತು. ಎಸ್‌ಎಸ್‌ಎನ್ ಇರುವ ಗಂಡನಿಗೂ ಮಕ್ಕಳಿಗೂ ಹಣ ಬರಬಹುದು, ಐಟಿನ್ ಇರುವ ಹೆಂಡತಿಗೆ ಮಾತ್ರ ಇಲ್ಲ ಎಂದಾಯಿತು. ಮೊದಲ ಕಂತಿಗೂ ಇದು ಹಿಂದಿನಿಂದಲೇ ಅನ್ವಯ. ಅಂದರೆ ಆ ಮನೆ 2020ರ ರಿಟರ್ನ್‌ನಲ್ಲಿ ಫಾರಂ 1040ರ 30ನೇ ಸಾಲು ತುಂಬಿದ್ದರೆ ಬಿಟ್ಟುಹೋದ 2200 ಡಾಲರ್ ವಾಪಸ್ ಸಿಗುತ್ತಿತ್ತು. ಅದರ ಹೆಸರು ರಿಕವರಿ ರಿಬೇಟ್ ಕ್ರೆಡಿಟ್. ಅವರಿಗೆ ರಿಟರ್ನ್ ಮಾಡಿಕೊಟ್ಟವರು "ಐಟಿನ್ ಇದ್ದರೆ ಇಲ್ಲ" ಎಂಬ ಹಳೆಯ ನಿಯಮವನ್ನೇ ಹಿಡಿದು ಆ ಸಾಲನ್ನು ಖಾಲಿ ಬಿಟ್ಟರು. ತಿದ್ದುಪಡಿ ರಿಟರ್ನ್ ಹಾಕಲು 2024ರ ಮೇ 17ರವರೆಗೆ ಸಮಯವಿತ್ತು. ಅವರಿಗೆ ವಿಷಯ ತಿಳಿದದ್ದು ಆ ಬೇಸಿಗೆಯಲ್ಲಿ, ಗಡುವು ಮುಗಿದ ಮೇಲೆ. ಇಂಥ ಇನ್ನೂ ಕೆಲವು ಮನೆಗಳನ್ನು ನೋಡಿದ್ದೇನೆ.

ಹಾಗಾಗಿ ಮುಂದೆ ಯಾವ ಹಣ ಹಂಚಿಕೆ ಬಂದರೂ ಹೆಂಡತಿಯದು ಯಾವ ನಂಬರ್ ಎಂದು ಮೊದಲು ನೋಡಿ. ಇಎಡಿ ಸಿಗುವಂತಿದ್ದರೆ ತಕ್ಷಣ ಕೆಲಸ ಹುಡುಕದಿದ್ದರೂ ಎಸ್‌ಎಸ್‌ಎನ್ ಮಾಡಿಸಿಡಿ. ಕಂಪನಿ ವರ್ಗ ಮಾಡಿ ಕಳಿಸಿದವರ ಜೊತೆ ಎಲ್-2 ವೀಸಾದಲ್ಲಿ ಬಂದ ಗಂಡ ಅಥವಾ ಹೆಂಡತಿಗೆ 2021ರ ನವೆಂಬರಿನಿಂದ ವೀಸಾದ ಜೊತೆಗೇ ಕೆಲಸದ ಅನುಮತಿ ಇದೆ. ಅವರಂತೂ ಸುಮ್ನೆ ಕೂರಬಾರದು. ಎಸ್‌ಎಸ್‌ಎನ್ ಬಂದ ಮೇಲೆ ಹಳೆಯ ಐಟಿನ್ ರದ್ದು ಮಾಡಿ ಎಂದು ತೆರಿಗೆ ಇಲಾಖೆ ಐಆರ್‌ಎಸ್‌ಗೆ ಪತ್ರ ಬರೆಯಬೇಕು, ಅದನ್ನು ಮರೆಯಬೇಡಿ. ರಿಟರ್ನ್ ಜಂಟಿಯಾಗಿ ಮಾಡುವುದೋ ಬೇರೆ ಬೇರೆ ಮಾಡುವುದೋ ಎನ್ನುವುದನ್ನು ಗಡುವಿನೊಳಗೆ ಲೆಕ್ಕ ಹಾಕಿ. ಗಡುವು ದಾಟಿದರೆ ಜಂಟಿಯನ್ನು ಬಿಡಿಸಿ ಬೇರೆ ಮಾಡಲು ಆಗುವುದಿಲ್ಲ. ಮತ್ತೆ, ಕಾನೂನು ನಡುವೆ ಬದಲಾಗುತ್ತದೆ. ಮಾರ್ಚಿನಲ್ಲಿ ಇಲ್ಲ ಅಂದದ್ದು ಡಿಸೆಂಬರಿನಲ್ಲಿ ಹೌದಾಗಬಹುದು.

ಎಫ್-1ನಲ್ಲಿರುವ ವಿದ್ಯಾರ್ಥಿಗಳಿಗೆ ಇದರ ತಿರುಗುಮುರುಗು ಆಯಿತು. ಅವರು ಸಾಮಾನ್ಯವಾಗಿ ಮೊದಲ 5 ವರ್ಷ ಅನಿವಾಸಿಗಳ ಫಾರಂ ಆದ 1040-ಎನ್‌ಆರ್ ಹಾಕಬೇಕು. ಸಾಫ್ಟ್‌ವೇರ್ ಕೇಳಿದ್ದಕ್ಕೆಲ್ಲ ಹೌದು ಒತ್ತಿ ನಿವಾಸಿಗಳ 1040 ಹಾಕಿದವರಿಗೆ ಅರ್ಹತೆ ಇಲ್ಲದಿದ್ದರೂ ಚೆಕ್ ಬಂತು. ಅದನ್ನು ವಾಪಸ್ ಮಾಡಬೇಕು, ರಿಟರ್ನ್ ತಿದ್ದಬೇಕು. ಮುಂದೆ ವೀಸಾ, ಗ್ರೀನ್ ಕಾರ್ಡ್ ಎಂದು ಹೋದಾಗ ತೆರಿಗೆ ದಾಖಲೆ ಸರಿಯಿರಬೇಕು. ಅರ್ಹರು ಈ ಹಣ ತೆಗೆದುಕೊಂಡರೆ ಗ್ರೀನ್ ಕಾರ್ಡ್ ಸಿಗುವುದಿಲ್ಲ ಎಂಬ ಸುದ್ದಿ ಮಾತ್ರ ಸುಳ್ಳು. ಇದು ತೆರಿಗೆ ಕ್ರೆಡಿಟ್. ಪಬ್ಲಿಕ್ ಚಾರ್ಜ್, ಅಂದರೆ ಸರ್ಕಾರಕ್ಕೆ ಹೊರೆಯಾಗುವವರು ಎಂಬ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ರಾಜಕೀಯ. "ನಮಗೆ ಓಟಿಲ್ಲ, ನಮಗ್ಯಾಕೆ" ಎನ್ನುವವರು ಜಾಸ್ತಿ. ಆದರೆ 1400 ಡಾಲರಿನ ಮೂರನೇ ಕಂತು ಬಂದದ್ದೇ ನಮ್ಮ ಜಾರ್ಜಿಯಾದ ಓಟಿನಿಂದ. 2020ರ ನವೆಂಬರ್ 3ರ ಚುನಾವಣೆಯಲ್ಲಿ ಇಲ್ಲಿಯ ಎರಡು ಸೆನೆಟ್ ಸ್ಥಾನಗಳಲ್ಲೂ ಯಾರಿಗೂ ಅರ್ಧಕ್ಕಿಂತ ಹೆಚ್ಚು ಓಟು ಬರಲಿಲ್ಲ. ನಮ್ಮ ರಾಜ್ಯದ ನಿಯಮದಂತೆ ಜನವರಿ 5ಕ್ಕೆ ಮರುಚುನಾವಣೆ. ಡೆಮಾಕ್ರಾಟರಾದ ಓಸಾಫ್ ಮತ್ತು ವಾರ್ನಾಕ್ ಗೆದ್ದರೆ 2000 ಡಾಲರ್ ಬರುತ್ತದೆ ಎಂದು ಬೈಡನ್ ಹಿಂದಿನ ದಿನ ಅಟ್ಲಾಂಟಾದಲ್ಲೇ ನಿಂತು ಹೇಳಿದರು. ಇಬ್ಬರೂ ಗೆದ್ದರು. ಸೆನೆಟ್ 50-50 ಆಯಿತು. ಮಾರ್ಚ್ 6ರಂದು 1.9 ಟ್ರಿಲಿಯನ್ ಡಾಲರಿನ ಮಸೂದೆ 50-49ರಲ್ಲಿ ಪಾಸಾಯಿತು. ಆಗಲೇ ಬಂದಿದ್ದ 600ಕ್ಕೆ ಇದರ 1400 ಸೇರಿ 2000 ಎಂಬ ಲೆಕ್ಕ. ಒಬ್ಬ ರಿಪಬ್ಲಿಕನ್ ಕೂಡ ಪರವಾಗಿ ಓಟು ಹಾಕಲಿಲ್ಲ. ಸಾಲ ಹೆಚ್ಚುತ್ತದೆ, ಬೆಲೆ ಏರುತ್ತದೆ ಎಂಬುದು ಅವರ ವಾದ. 2009ರಲ್ಲಿ ಕಡಿಮೆ ಕೊಟ್ಟು ಚೇತರಿಕೆ ನಿಧಾನವಾಯಿತು, ಮತ್ತೆ ಹಾಗೆ ಆಗಬಾರದು ಎಂಬುದು ಡೆಮಾಕ್ರಾಟರ ವಾದ. 2022ರ ಜೂನ್‌ನಲ್ಲಿ ಬೆಲೆ ಏರಿಕೆ ಶೇಕಡಾ 9.1 ತಲುಪಿತು. ಅದಕ್ಕೆ ಈ ಚೆಕ್ಕುಗಳೇ ಕಾರಣವೋ, ಯುದ್ಧ ಮತ್ತು ಸರಕು ಸಾಗಣೆಯ ತೊಡಕೋ ಎಂಬ ಜಗಳ ಮುಗಿದಿಲ್ಲ. ನನ್ನ ಮಟ್ಟಿಗೆ ಮೊದಲ ಕಂತು ಬೇಕೇ ಬೇಕಿತ್ತು. ಮೂರನೆಯದನ್ನು ಕೆಲಸ ಕಳೆದುಕೊಂಡವರಿಗೆ ಹೆಚ್ಚು ಕೊಟ್ಟು, ಮನೆಯಿಂದಲೇ ಕೆಲಸ ಮಾಡಿ ಪೂರ್ತಿ ಸಂಬಳ ಪಡೆದವರಿಗೆ ಕೊಡದೆ ಬಿಡಬಹುದಿತ್ತು.

ಅದೇ ಹೊತ್ತಿಗೆ ಅಧ್ಯಕ್ಷ ಚುನಾವಣೆಯ ಫಲಿತಾಂಶದ ಜಗಳವೂ ಇಲ್ಲೇ ನಡೆಯಿತು. ಬೈಡನ್ ಜಾರ್ಜಿಯಾ ಗೆದ್ದದ್ದು 11,779 ಓಟುಗಳಿಂದ. ಮೋಸ ಆಗಿದೆ ಎಂದು ಟ್ರಂಪ್ ಕಡೆಯವರು ಹೇಳಿದರು. ಸುಮಾರು 50 ಲಕ್ಷ ಮತಪತ್ರಗಳನ್ನು ಕೈಯಲ್ಲೇ ಎಣಿಸಿದರು. ಆಮೇಲೆ ಯಂತ್ರದಲ್ಲಿ ಇನ್ನೊಮ್ಮೆ ಎಣಿಸಿದರು. ಗೆದ್ದವರು ಬದಲಾಗಲಿಲ್ಲ. ಆದರೂ ಜನವರಿ 2ರಂದು ಟ್ರಂಪ್ ಇಲ್ಲಿಯ ಚುನಾವಣೆಯ ಹೊಣೆ ಹೊತ್ತ ಬ್ರಾಡ್ ರಾಫನ್ಸ್‌ಪರ್ಗರ್ ಅವರಿಗೆ ಫೋನ್ ಮಾಡಿ 11,780 ಓಟು ಹುಡುಕಿಕೊಡಿ ಎಂದರು. ಅವರು ಒಪ್ಪಲಿಲ್ಲ. ಅವರೂ ರಿಪಬ್ಲಿಕನ್ನರೇ.

ಊರಿನಿಂದ ಬಂದವರಿಗೆ ಇಲ್ಲಿ ಒಂದು ಗಲಿಬಿಲಿ. ಚುನಾವಣಾ ಆಯೋಗ ಎಲ್ಲಿ? ನಮ್ಮ ಹಾಗೆ ದೇಶಕ್ಕೆಲ್ಲ ಒಂದು ಆಯೋಗ ಇಲ್ಲಿ ಚುನಾವಣೆ ನಡೆಸುವುದಿಲ್ಲ. ಕೌಂಟಿಗಳು ನಡೆಸುತ್ತವೆ, ರಾಜ್ಯ ಮುದ್ರೆ ಒತ್ತುತ್ತದೆ. ಪಕ್ಷದ ಟಿಕೆಟ್ಟಿನಲ್ಲಿ ಗೆದ್ದವರೇ ಚುನಾವಣೆಯ ಮೇಲ್ವಿಚಾರಣೆ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಒಬ್ಬರು ಗಟ್ಟಿಯಾಗಿ ನಿಂತರು ಸರಿ, ಮುಂದಿನವರು ನಿಲ್ಲದಿದ್ದರೆ? ಇದರಲ್ಲಿ ನಮ್ಮ ವ್ಯವಸ್ಥೆಯೇ ಮೇಲು. ಆದರೆ ಸೋತವರು ಅನುಮಾನ ಎತ್ತಿದಾಗ ರಾಜ್ಯದ ಅಷ್ಟೂ ಕಾಗದವನ್ನು ಕೈಯಲ್ಲಿ ಎಣಿಸಿ ತೋರಿಸಿದ್ದು ಇಲ್ಲಿ. ನಮ್ಮಲ್ಲಿ ವಿವಿಪ್ಯಾಟ್ ಚೀಟಿ ತಾಳೆ ನೋಡುವುದು ಒಂದು ವಿಧಾನಸಭಾ ಕ್ಷೇತ್ರಕ್ಕೆ 5 ಮತಗಟ್ಟೆ ಮಾತ್ರ. ಅದರಲ್ಲಿ ಇವರು ಮೇಲು. ಹಣ ಹಂಚುವುದರಲ್ಲಿ ಮತ್ತೆ ನಮ್ಮದೇ ಮೇಲು. ಗೃಹಲಕ್ಷ್ಮಿಯ 2000 ರೂಪಾಯಿ ನೇರ ಮನೆಯೊಡತಿಯ ಖಾತೆಗೆ ಬೀಳುತ್ತದೆ. ಇಲ್ಲಿ ಮನೆ ನಡೆಸುವ ಎಚ್-4 ಹೆಂಗಸು ಲೆಕ್ಕಕ್ಕೇ ಇಲ್ಲ.

ಕೊನೆಗೆ ಒಂದು ಎಚ್ಚರಿಕೆ. ಇದರಲ್ಲಿ ಹೋಗುವುದು ಹಣವಲ್ಲ, ವೀಸಾ. ಜಾರ್ಜಿಯಾದಲ್ಲಿ ಡ್ರೈವಿಂಗ್ ಲೈಸೆನ್ಸಿಗೆ ಹೋದಾಗ ಮತದಾರರ ನೋಂದಣಿಯೂ ಅದೇ ಅರ್ಜಿಯಲ್ಲಿ ಬರುತ್ತದೆ. ನೀವು ಪ್ರಜೆಯಲ್ಲದಿದ್ದರೆ ಪ್ರಜೆಯೇ ಎಂಬ ಪ್ರಶ್ನೆಗೆ ಹೌದು ಎನ್ನಬೇಡಿ, ನೋಂದಣಿ ಬೇಡ ಎಂದೇ ಹೇಳಿ. ಗ್ರೀನ್ ಕಾರ್ಡ್ ಇದ್ದರೂ ಇದೇ ಮಾತು. ಪ್ರಜೆ ಎಂದು ಸುಳ್ಳು ಹೇಳಿದವರನ್ನು ದೇಶದಿಂದ ಕಳಿಸಬಹುದು ಎಂದು 1996ರ ಕಾನೂನು ಹೇಳುತ್ತದೆ. ಗ್ರೀನ್ ಕಾರ್ಡ್ ಇಲ್ಲದವರು ಯಾವ ಅಭ್ಯರ್ಥಿಗೂ ಚಂದಾ ಕೂಡ ಕೊಡಬಾರದು, ಗುಂಪಿನಲ್ಲಿ ಯಾರೇ ಲಿಂಕ್ ಕಳಿಸಲಿ. ಲೈಸೆನ್ಸ್ ಕಚೇರಿಯಲ್ಲಿ ಸಹಿ ಮಾಡುವ ಮೊದಲು ಪರದೆಯ ಮೇಲಿರುವುದನ್ನು ಪೂರ್ತಿ ಓದಿ, ಕೊಟ್ಟ ಕಾಗದ ಇಟ್ಟುಕೊಳ್ಳಿ. ಆದರೂ ಮತದಾರರ ಕಾರ್ಡ್ ಮನೆಗೆ ಬಂದರೆ ಓಟು ಹಾಕಲು ಹೋಗಬೇಡಿ. ಮೊದಲು ಇಮಿಗ್ರೇಷನ್ ವಕೀಲರನ್ನು ನೋಡಿ. ಅವರು ಹೇಳಿದಂತೆ ಕೌಂಟಿಗೆ ಬರೆದು ಹೆಸರು ತೆಗೆಸಿ, ಆ ಪತ್ರದ ನಕಲು ಜೋಪಾನವಾಗಿಡಿ.