ರಾತ್ರಿಯ ಚಳಿ ಮತ್ತು ಭತ್ತದ ಬೆಂಕಿ ರೋಗ

ಶಿರಸಿ ಸೀಮೆಯಲ್ಲಿ ಗದ್ದೆ ಮಾಡುವವರಿಗೆ ಬೆಂಕಿ ರೋಗದ ಪರಿಚಯ ಮಾಡಿಸಬೇಕಿಲ್ಲ. ಎಲೆಯ ಮೇಲೆ ಎರಡೂ ತುದಿ ಚೂಪಾದ ಕಣ್ಣಿನಾಕಾರದ ಚುಕ್ಕಿ, ನಡುವೆ ಬೂದಿ ಬಣ್ಣ, ಅಂಚು ಕಂದು. ಚುಕ್ಕಿಗಳು ಒಂದಕ್ಕೊಂದು ಕೂಡಿದರೆ ಎಲೆ ಸುಟ್ಟ ಹಾಗೆಯೇ. ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ: ಕುಮಟಾದ ಭಾವನವರ ಗದ್ದೆಯಲ್ಲಿ ನೆಟ್ಟಗಿರುವ ಅದೇ ಬೀಜ ನಮ್ಮಲ್ಲಿ ಯಾಕೆ ಸೋಲುತ್ತದೆ? ಭಾವ ಯೂರಿಯಾ ಜಾಸ್ತಿಯಾಯಿತು ಎನ್ನುತ್ತಿದ್ದರು. ನನಗೆ ಅನುಮಾನವಿದ್ದದ್ದು ರಾತ್ರಿಯ ಚಳಿಯ ಮೇಲೆ.

ಗರಿಷ್ಠ, ಕನಿಷ್ಠ ಎರಡನ್ನೂ ತೋರಿಸುವ ಥರ್ಮಾಮೀಟರುಗಳನ್ನು ತಂದು ಪೈರಿನ ಎತ್ತರಕ್ಕೆ ಬಿದಿರು ಗೂಟಕ್ಕೆ ಕಟ್ಟಿದೆ. ಒಂದು ಗದ್ದೆಯ ನಡುವೆ, ಇನ್ನೊಂದು ಬೆಟ್ಟದ ನೆರಳು ಬೀಳುವ ಮೂಲೆಗೆ. ಬೆಳಿಗ್ಗೆ ಹಾಲು ಕರೆದು ಬಂದವನೇ ನೋಡಿ ಕ್ಯಾಲೆಂಡರಿನ ಮೇಲೆ ಬರೆಯುವುದು. ಮಳೆ ಬಿಟ್ಟು ಆಕಾಶ ತೆರವಾಯಿತೋ, ಕನಿಷ್ಠ 20ರ ಆಸುಪಾಸಿಗೆ ಇಳಿಯುತ್ತದೆ. ಕುಮಟಾದಲ್ಲಿ ಆಗಲೂ ಸೆಕೆ, ಭಾವ ಫ್ಯಾನು ಹಾಕಿಕೊಂಡೇ ಮಲಗುವುದು. ನೆರಳಿನ ಮೂಲೆಯಲ್ಲಿ ಹತ್ತು ಗಂಟೆಯಾದರೂ ಇಬ್ಬನಿ ಆರುವುದಿಲ್ಲ, ನಡೆದರೆ ಪಂಚೆ ಮೊಣಕಾಲವರೆಗೆ ಒದ್ದೆ. ಚುಕ್ಕಿ ಮೊದಲು ಕಂಡದ್ದೂ ಅಲ್ಲೇ.

ವಿಚಿತ್ರವೆಂದರೆ ಈ ರೋಗ ತರುವ ಶಿಲೀಂಧ್ರಕ್ಕೇನೂ ಚಳಿ ಪ್ರಿಯವಲ್ಲ. ಅದು ಚೆನ್ನಾಗಿ ಬೆಳೆಯುವುದು 25ರಿಂದ 28 ಡಿಗ್ರಿಯಲ್ಲಿ. ತಂಪು ರಾತ್ರಿಯಲ್ಲಿ ಸೊರಗುವುದು ಭತ್ತದ ತಡೆಯುವ ಶಕ್ತಿ. ಮೇಲಿಂದ ಎಲೆ ತಾಸುಗಟ್ಟಲೆ ಒದ್ದೆ ಇದ್ದರೆ ಬೀಜಕಣ ಮೊಳೆತು, ಕಾರಿನ ಟೈರಿನಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಒತ್ತಡ ಕಟ್ಟಿಕೊಂಡು ಎಲೆಯ ಸಿಪ್ಪೆ ತೂತು ಮಾಡುತ್ತದೆ. ಹಾಗಂತ ಎಲ್ಲ ಬೆಳೆಗೂ ಚಳಿಯೇ ಶತ್ರು ಎನ್ನುವ ಹಾಗಿಲ್ಲ. ಗೋಧಿಯ ಕಾಂಡದ ತುಕ್ಕು ರೋಗ ತಡೆಯುವ ಎಸ್‌ಆರ್‌6 ಎಂಬ ಜೀನ್ ತಂಪಿನಲ್ಲಿ ಕೆಲಸ ಮಾಡಿ, 25 ಡಿಗ್ರಿ ದಾಟುತ್ತಲೇ ಕೈಚೆಲ್ಲುತ್ತದೆ. ಹಳದಿ ತುಕ್ಕು ತಡೆಯುವ ವೈಆರ್‌36ಗೆ ಬಿಸಿಯೇ ಬೇಕು, 25ರಿಂದ 35. ತಳಿಯ ಚೀಟಿಯ ಮೇಲೆ ‘ರೋಗ ನಿರೋಧಕ’ ಎಂದಷ್ಟೇ ಅಚ್ಚು ಹಾಕುವವರು ಯಾವ ಹವೆಯಲ್ಲಿ ಎಂದೂ ಬರೆದರೆ ಉಪಕಾರವಾದೀತು.

ಈಗ ನಾನು ಕಾಯುವುದು ಚುಕ್ಕಿಗಲ್ಲ, ಕನಿಷ್ಠದ ಅಂಕಿಗೆ. ಸಾಲಾಗಿ ಕೆಲವು ರಾತ್ರಿ 20ಕ್ಕೆ ಇಳಿದು ಇಬ್ಬನಿಯೂ ಬಿತ್ತೆಂದರೆ ಮೇಲುಗೊಬ್ಬರದ ಯೂರಿಯಾ ಬಂದ್. ಭಾವ ಹೇಳಿದ್ದೂ ಸುಳ್ಳಲ್ಲ. ಸಾರಜನಕ ಕುಡಿದು ಕಪ್ಪು ಹಸಿರಾದ ಪೈರಿಗೇ ರೋಗ ಬೇಗ ಹತ್ತುವುದು. ಗದ್ದೆಯ ನೀರು ಮಾತ್ರ ಒಡೆಯುವುದಿಲ್ಲ, ನೆಲ ಒಣಗಿದರೆ ರೋಗ ಹೆಚ್ಚು. ನೆರಳಿನ ಮೂಲೆಗೆ ಇಂಟಾನ್ ಹಾಕಿದ್ದೇನೆ. ಹಳೇ ತಳಿ, ಗಾಳಿಗೆ ಮಲಗುತ್ತದೆ, ಆದರೆ ಬೆಂಕಿ ರೋಗಕ್ಕೆ ತಾಳುತ್ತದೆ.

ಔಷಧಿ ಹೊಡೆಯುವುದಾದರೆ ಟ್ರೈಸೈಕ್ಲಜೋಲ್ ಎಂಬ ಶಿಲೀಂಧ್ರನಾಶಕದ ಶೇಕಡಾ 75ರ ಪುಡಿ, ಲೀಟರ್ ನೀರಿಗೆ 0.6 ಗ್ರಾಂ. ತೆನೆ ಹೊರಬೀಳುವ ಹೊತ್ತಿಗೆ ಚಳಿ ಹಿಡಿದಿದ್ದರೆ ನಾನು ತಡ ಮಾಡುವುದಿಲ್ಲ. ತೆನೆಯ ಕುತ್ತಿಗೆ ಕಪ್ಪಾಗಿ ಮುರಿದ ಮೇಲೆ ಹೊಡೆದರೆ ಅಂಗಡಿಯವರಿಗೆ ಲಾಭ, ನಮಗೆ ಜಳ್ಳು.